ಬೆಳ್ಳವ್ವನ ಬಾಣಂತನ

ದೇವದುರ್ಗ
9 ಮೇ 1986, ಶುಕ್ರವಾರ

ಚಿ. ಸೌ. ಚನ್ನಮಲ್ಲಮ್ಮನಿಗೆ ಅಕ್ಕ ಬಸವಂತಮ್ಮನ ಆಶೀರ್ವಾದಗಳು.

ನಾನು ಕ್ಷೇಮ. ನೀನೂ ಕ್ಷೇಮವಾಗಿರುವೆಯೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ನಿನ್ನ ಕಾಗದ ನನ್ನ ಮುಂದೆಯೇ ಇದೆ, ಕ್ಷೇಮವಾಗಿಲ್ಲ ಎಂದು ಅದರಲ್ಲಿ ನೀನೇ ಬರೆದಿದ್ದೀಯ. ಅದು ಬಂದು ಇಪ್ಪತ್ತೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಶಾಲೆಗೆ ಬೇಸಿಗೆ ರಜೆ, ಆದ್ದರಿಂದ ಪುರುಸೊತ್ತಿರಲಿಲ್ಲ ಎಂಬ ಸುಳ್ಳು ಹೇಳಲಾರೆ. ಮೂರು ಸಲ ಬರೆದು ಮೂರು ಸಲ ಹರಿದೆ. ಹರಿದ ಹಾಳೆಗಳನ್ನು ಮೊಲದ ಗೂಡಿನ ಕೆಳಗೆ ಹಾಸಿದೆ.

ಹೌದು, ಇಲ್ಲಿಯೂ ಮೊಲ ಸಾಕಿದ್ದೇನೆ. ಹನ್ನೊಂದು ಹೆಣ್ಣು, ಎರಡು ಗಂಡು. ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಬೇವಿನ ಮರವಿದೆ, ಅದರ ನೆರಳಿಗೆ ಗೂಡುಗಳನ್ನು ಇಟ್ಟಿದ್ದೇನೆ. ಈ ವರ್ಷದ ಬಿಸಿಲನ್ನು ನಿನಗೆ ಹೇಳಬೇಕಾಗಿಲ್ಲ. ಗೋಣಿಚೀಲ ನೆನೆಸಿ ಗೂಡಿನ ಸುತ್ತ ಇಳಿಬಿಡುತ್ತೇನೆ, ಅರ್ಧ ಗಂಟೆಯಲ್ಲಿ ಒಣಗಿ ಹಪ್ಪಳವಾಗುತ್ತದೆ, ಮತ್ತೆ ನೆನೆಸುತ್ತೇನೆ. ಆದರೂ ಕಳೆದ ವಾರ ಎರಡು ಸತ್ತವು. ಬೆಳಿಗ್ಗೆ ಕುದುರೆ ಮಸಾಲೆ ಸೊಪ್ಪು, ಸಂಜೆ ಗರಿಕೆ, ನಡುವೆ ಒಂದು ಹಿಡಿ ನೆನೆಸಿದ ಕಡಲೆ. ನಮ್ಮ ಹೆಡ್ ಮಾಸ್ತರರು, ಇಷ್ಟು ಮೊಲ ಸಾಕಿ ಏನು ಮಾಡುತ್ತೀರಿ ಟೀಚರಮ್ಮ, ನೀವು ತಿನ್ನುವ ಪೈಕಿಯವರಲ್ಲವಲ್ಲ ಎಂದು ನಗುತ್ತಾರೆ. ಮರಿಗಳು ಬೆಳೆದ ಮೇಲೆ, ಸಾಕುತ್ತೇವೆ ಎಂದು ಬಂದವರಿಗೆ ಜೋಡಿ ಮಾಡಿ ಕೊಡುತ್ತೇನೆ. ಒಯ್ದವರು ಸಾಕುತ್ತಾರೋ ಸಾರು ಮಾಡುತ್ತಾರೋ ನಾನು ಕೇಳುವುದಿಲ್ಲ. ಕೇಳಿದರೆ ಉತ್ತರ ಸಿಕ್ಕೀತು ಎಂಬ ಹೆದರಿಕೆ.

ಆದರೆ ಒಂದು ಮಾತನ್ನು ಎಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಏಳು ವರ್ಷದಲ್ಲಿ ನನ್ನ ಹಿತ್ತಲಲ್ಲಿ ಒಂದೇ ಒಂದು ತಾಯಿಯೂ ತನ್ನ ಮರಿಯನ್ನು ತಿಂದಿಲ್ಲ. ನಾನು ಆ ಮರಿಗಳನ್ನು ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತೇನೆ. ಇದೇ ಕಣ್ಣಿನಿಂದ.

ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ. ನಿನಗೀಗ ಏಳು ತಿಂಗಳು. ಮೊದಲನೆಯ ಕೂಸು ಒಂಬತ್ತನೆಯ ದಿನಕ್ಕೆ ಹೋಯಿತು, ಎರಡನೆಯದು ಐದನೆಯ ದಿನಕ್ಕೆ. ಎರಡನೆಯದರ ಸುದ್ದಿ ತಂದವನು ದನದ ದವಾಖಾನೆಯ ಅಬ್ದುಲ್ ವಹೀದ್. ಆ ದಿನ ನಾನು ಊಟ ಬಿಡಲಿಲ್ಲ, ಚನ್ನಿ. ಎರಡು ರೊಟ್ಟಿ ತಿಂದೆ, ಮಜ್ಜಿಗೆ ಕುಡಿದೆ. ನಿನ್ನಿಂದ ಮುಚ್ಚಿಡುವುದು ಯಾಕೆ? ಅಳು ಬಂದದ್ದು ಮೂರು ದಿನ ಕಳೆದ ಮೇಲೆ, ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗ.

ಈಗ ಹತ್ತೊಂಬತ್ತನೆಯ ತಾರೀಖು ಸೋಮವಾರ ನಿನಗೆ ಕುಬುಸ ಮಾಡುತ್ತಾರೆ, ಅದಕ್ಕೆ ನಾನು ಬರಬೇಕು, ಮುತ್ತೈದೆಯರ ಮುಂದೆ ನನ್ನ ಕೈಯಾರೆ ನಿನ್ನ ಉಡಿ ತುಂಬಬೇಕು ಎಂದು ಬರೆದಿದ್ದೀಯ. “ಅಕ್ಕಾ, ನೀ ಬಂದು ಉಡಿ ತುಂಬಿದ್ರ ಈ ಕೂಸರ ಉಳೀತದ ಅಂತಾರ ಅತ್ತಿ. ನಿನ್ನ ಕಣ್ಣಿನ ಉರಿ ಇಳೀತದಂತ.” ಇವು ನಿನ್ನವೇ ಅಕ್ಷರ. ವಹೀದನ ಕೈಯಲ್ಲಿಯೂ ಅತ್ತೆ ಹೇಳಿ ಕಳಿಸಿದ್ದಾರೆ, ಬೇಕಾದರೆ ಕಾಲಿಗೆ ಬೀಳುತ್ತೇನೆ ಎಂದು. ನಮ್ಮಿಬ್ಬರ ಅತ್ತೆ ಶೇಖಮ್ಮ ಯಾರ ಕಾಲಿಗಾದರೂ ಬೀಳುವ ದಿನ ಬಂತಲ್ಲ ಎಂದು ನಾನು ಬೆರಗಾಗಿ ಕೂತೆ. ಆ ಮನೆಯಲ್ಲಿ ಹನ್ನೊಂದು ವರ್ಷ ಸೊಸೆಯಾಗಿದ್ದೆ. ಅಷ್ಟೂ ವರ್ಷ ಒಂದು ಕುಬುಸಕ್ಕೂ ನನ್ನನ್ನು ಒಯ್ಯಲಿಲ್ಲ. ಓಣಿಯಲ್ಲಿ ಯಾರದಾದರೂ ಉಡಿ ತುಂಬುವ ದಿನ ನನಗೆ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ಬರುತ್ತಿತ್ತು.

ನಾನು ಬರುವುದಿಲ್ಲ. ಮೊದಲು ಇದನ್ನು ಓದಿಕೊ, ಆಮೇಲೆ ಕಾರಣ ಓದು. ಎಂಟು ವರ್ಷದ ಹಿಂದಿನ ಮಾತು ಬರೆಯಬೇಕಾಗುತ್ತದೆ. ನಿನಗೆ ಎಲ್ಲ ಗೊತ್ತಿದೆ, ಆದರೂ ನಾನು ಹೇಗೆ ನೆನಪಿಟ್ಟಿದ್ದೇನೆಂದು ನಿನಗೆ ಗೊತ್ತಿಲ್ಲ.

ಮೊಲ ಸಾಕಬೇಕೆಂದದ್ದು ನಾನೇ. ಎಪ್ಪತ್ತೇಳರ ಡಿಸೆಂಬರ್. ಮದುವೆಯಾಗಿ ಒಂಬತ್ತು ವರ್ಷ, ಮಲ್ಲಟದ ಆ ಮನೆಯಲ್ಲಿ ನನ್ನದು ಎನ್ನಲು ಒಂದು ಬೆಕ್ಕೂ ಇರಲಿಲ್ಲ. ದನದ ದವಾಖಾನೆಯ ಕಂಪೌಂಡರ್ ವಹೀದ್ ಎಮ್ಮೆಗೆ ಸೂಜಿ ಹಾಕಲು ಬಂದಾಗ, ಸಾಕುವವರಿಗೆ ಬಿಳಿ ಮೊಲ ಕೊಡುತ್ತಿದ್ದಾರೆ, ಉಣ್ಣೆಗೆ ಒಳ್ಳೆಯದಂತೆ ಎಂದ. ನಲವತ್ಮೂರು ಡಿಗ್ರಿ ಬಿಸಿಲಿನ ಊರಿಗೆ ಉಣ್ಣೆಯ ಮೊಲ ಕಳಿಸಿದ ಜಾಣರು ಯಾರೋ, ಅವರನ್ನು ಒಂದು ದಿನ ನಮ್ಮ ಅಂಗಳದಲ್ಲಿ ಕಂಬಳಿ ಹೊದಿಸಿ ಕೂರಿಸಬೇಕು. ಇರಲಿ. ಒಂದು ಗಂಡು, ಒಂದು ಹೆಣ್ಣು, ಜೊತೆಗೊಂದು ತೆಳ್ಳಗಿನ ಪುಸ್ತಕ ಬಂತು. ಅತ್ತೆ ಓಣಿಗೆಲ್ಲ ಕೇಳುವಂತೆ ಅಂದರು: “ತೊಟ್ಟಿಲಾ ಕಟ್ಟು ಅಂದ್ರ ಗೂಡು ಕಟ್ಟ್ಯಾಳ ನೋಡ್ರೆವ್ವಾ ನನ್ನ ಸೊಸಿ.”

ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು, ಗಂಡನ್ನು ಇದರ ಗೂಡಿಗೆ ತಂದರೆ ಕಚ್ಚಿ ಓಡಿಸುತ್ತದೆ ಎಂದು ವಹೀದ್ ಹೇಳಿಕೊಟ್ಟಾಗ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. “ಹಂಗಾರ ಇದಕೂ ಗಂಡನ ಮನಿ ತಪ್ಪಲಿಲ್ಲ ಬಿಡಪಾ.” ಅವರು ಕೆಟ್ಟವರು ಎಂದು ಬರೆದು ಮುಗಿಸಿದರೆ ಸುಲಭವಾಗುತ್ತಿತ್ತು. ಆದರೆ ನಾನು ಕಂಡಿದ್ದೇನೆ. ಶಿವರಾತ್ರಿಯ ಹೊತ್ತಿಗೆ ಆ ಹೆಣ್ಣು ತನ್ನ ಎದೆಯ ಕೂದಲನ್ನು ಹಲ್ಲಿನಿಂದ ಕಿತ್ತು ಕಿತ್ತು ಮೂಲೆಯಲ್ಲಿ ಹಾಸತೊಡಗಿತು. ಅತ್ತೆ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಟ್ಟರು. ಮೊಲಕ್ಕೆ ಬೆಳ್ಳವ್ವ ಎಂದು ಹೆಸರಿಟ್ಟವರು ಅವರೇ. ಮನೆಯಲ್ಲಿ ಹೆರಿಗೆಯೊಂದಕ್ಕೆ ಅವರು ಎಷ್ಟು ಹಸಿದಿದ್ದರೆಂದು ನನಗೆ ಆ ದಿನ ತಿಳಿಯಿತು.

ಆ ಹಸಿವೇ ಮೊದಲ ಮರಿಗಳನ್ನು ಕೊಂದಿತು. ಬೆಳಗಿನ ಜಾವ ಆರು ಮರಿ ಹುಟ್ಟಿದ್ದವು, ಕೂದಲಿಲ್ಲದೆ, ಕಣ್ಣು ಬಿಡದೆ. ಅತ್ತೆ ಬೆಳ್ಳವ್ವನಿಗೆ ಬಾಣಂತನ ಮಾಡಿದರು. ಗೂಡಿನ ಕೆಳಗೆ ಲೋಬಾನದ ಹೊಗೆ ಹಾಕಿದರು. ಒಂದೊಂದೇ ಮರಿಯನ್ನು ಎತ್ತಿ ನೆತ್ತಿಗೆ ಹರಳೆಣ್ಣೆ ಒತ್ತಿದರು. ಶುಂಠಿ ಬೆಲ್ಲದ ಉಂಡೆ ಕಟ್ಟಿ ಇಟ್ಟರು. ಎಲ್ಲಕ್ಕಿಂತ ಮೊದಲು ನೀರಿನ ಬಟ್ಟಲು ತೆಗೆದರು. ಹಸಿ ಬಾಣಂತಿಗೆ ನೀರು ಕೊಟ್ಟರೆ ಮೈ ತಂಪಾಗಿ ಸನ್ನಿ ಹಿಡಿಯುತ್ತದೆ, ನನ್ನನ್ನು ಐದು ದಿನ ಹಾಗೇ ಇಟ್ಟಿದ್ದರು ಎಂದರು. ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿ ಬರೆದಿದೆ: ಮರಿ ಹಾಕಿದ ತಾಯಿಯ ಮುಂದೆ ಸದಾ ನೀರಿರಬೇಕು, ಬಾಯಾರಿದ ತಾಯಿ ತನ್ನ ಮರಿಗಳನ್ನೇ ತಿನ್ನುವುದುಂಟು. ನಾನು ಓದಿ ಹೇಳಿದೆ. “ಆಕೀ ಹೆತ್ತಾಳೋ, ನಿನ್ನ ಪುಸ್ತಕ ಹೆತ್ತದೋ?” ಎಂದರು. ಮರುದಿನ ಬೆಳಿಗ್ಗೆ ಹಾಸಿದ ಕೂದಲಿನ ಮೇಲೆ ಎರಡು ಕಾಲು, ಒಂದು ತಲೆ ಉಳಿದಿದ್ದವು. ಅತ್ತೆ ತಿರುಗಿ ನನ್ನನ್ನು ನೋಡಿದರು. “ನಿನ್ನಿ ನೀ ಬಗ್ಗಿ ನೋಡಿದ್ದೆಲ್ಲ?”

ನೀನು ನಮ್ಮ ಮನೆಗೆ ಬಂದದ್ದು ಅದೇ ವಾರ. ಸಿರವಾರದಲ್ಲಿ ನಿನಗೊಂದು ಗಂಡು ಗೊತ್ತಾಗುತ್ತಿದೆ, ಮಾತು ಮುಗಿಯುವ ತನಕ ಅಕ್ಕನ ಹತ್ತಿರ ಇರಲಿ ಎಂದು ಅಪ್ಪ ರಾಯಚೂರಿನಿಂದ ಕಳಿಸಿದ್ದರು. ನಿನಗೆ ಇಪ್ಪತ್ಮೂರು, ಆಗಲೇ ಎರಡು ಸಂಬಂಧ ಮುರಿದಿದ್ದವು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಮೊಲದ ಪುಸ್ತಕವನ್ನು ನಿನಗೆ ಮೊದಲಿನಿಂದ ಕೊನೆಯ ತನಕ ಓದಿಸಿದೆ. ಆ ಮನೆಯಲ್ಲಿ ಅಕ್ಷರ ಬಲ್ಲ ಹೆಂಗಸರು ನಾವಿಬ್ಬರೇ.

ಮೇ ತಿಂಗಳಲ್ಲಿ ಬೆಳ್ಳವ್ವ ಮತ್ತೆ ಮರಿ ಹಾಕುವುದಿತ್ತು. ವಹೀದ್ ಬಂದು ಅತ್ತೆಯ ಮುಂದೆ ಕೈ ಮುಗಿದ. “ಅವ್ವಾರ, ಇದು ಮನಶ್ಯಾ ಅಲ್ರೀ, ಜಾನವಾರ. ನೀರು ಬೇಕ್ರಿ ಇದಕ.” ಅತ್ತೆ ಒಪ್ಪಿದರು. ಒಪ್ಪಿದ ಮಾತು ಹೀಗಿತ್ತು: “ಆತು, ನಿನ್ನ ಪುಸ್ತಕ ಹೇಳಿದಂಗ ಮಾಡು. ಈ ಸಲನೂ ಉಳೀಲಿಲ್ಲಂದ್ರ ಪುಸ್ತಕನೂ ಸುಳ್ಳು, ನೀನೂ ಸುಳ್ಳು. ಆಮ್ಯಾಲ ಈ ಮನಿಯಾಗ ನಿನ್ನ ಮಾತಿಲ್ಲ.”

ಬಸವ ಜಯಂತಿಯಾದ ಮೂರನೆಯ ದಿನ ಎಂಟು ಮರಿ ಹುಟ್ಟಿದವು. ಹೊಗೆ ಇಲ್ಲ, ಎಣ್ಣೆ ಇಲ್ಲ, ಯಾರೂ ಮುಟ್ಟಲಿಲ್ಲ. ಎಂಟೂ ಹಾಲು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದನ್ನು ಅತ್ತೆ ದೂರದಿಂದಲೇ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. ಮಣ್ಣಿನ ಬಟ್ಟಲಿನ ತುಂಬ ನೀರಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಕೂಗಿದರು. ನಾವು ಓಡಿ ಹೋದಾಗ ಬೆಳ್ಳವ್ವನ ಬಾಯಿ, ಎದೆ ಕೆಂಪಗಿದ್ದವು. ಅದು ಆರನೆಯದನ್ನು ತಿನ್ನುತ್ತಿತ್ತು. ಬಟ್ಟಲು ಇಟ್ಟಲ್ಲೇ ಇತ್ತು, ಒಣಗಿ ಬಿಳಿಚಿಕೊಂಡಿತ್ತು. ನೀರು ಹಾಕುವ ಕೆಲಸ ಯಾರದಾಗಿತ್ತು ಎಂದು ಅತ್ತೆ ಕೇಳಿದರು. ನನ್ನದು, ಮರೆತೆ ಎಂದು ನಾನು ಒಪ್ಪಿಕೊಂಡೆ. ನೀನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ನಿನಗೆ ನೆನಪಿರಬೇಕು.

ಗಡಿಗೆಪ್ಪ ಹೊಲದಿಂದ ಬಂದ. ಹೆಸರು ಹಿಡಿದು ಬರೆಯುತ್ತಿದ್ದೇನೆ, ಹೆಸರು ಹೇಳಬಾರದ ಸಂಬಂಧ ಈಗ ನನಗಿಲ್ಲ, ನಿನಗಿದೆ. ಅವನು ಬೆಳ್ಳವ್ವನನ್ನು ಹಿಂಗಾಲು ಹಿಡಿದು ಎತ್ತಿದ. ಮೊಲ ಕೂಗುವುದಿಲ್ಲ ಎಂದುಕೊಂಡಿದ್ದೆ, ಕೂಗುತ್ತದೆ. ಕೂಸಿನ ಹಾಗೆಯೇ ಕೂಗುತ್ತದೆ. ನನ್ನ ರಟ್ಟೆ ಹಿಡಿದು ಕಾಲುವೆಯ ತನಕ ಎಳೆದುಕೊಂಡು ಹೋದ. “ನೀರು ನೀರು ಅಂತಿದ್ದೆಲ್ಲ, ನೋಡು. ಕುಡೀಲಿ ಹೊಟ್ಟಿತುಂಬ.” ಅಷ್ಟೇ ಅಂದ, ಎಸೆದ. ಹಾಲು ತುಂಬಿದ ಹೊಟ್ಟೆ ಮೇಲಾಗಿ ಅದು ಸ್ವಲ್ಪ ದೂರ ತೇಲಿತು. ಉಳಿದ ಎರಡು ಮರಿಗಳನ್ನು ನಾನು ಹತ್ತಿಯಲ್ಲಿಟ್ಟು ಬತ್ತಿಯಿಂದ ಹಾಲು ಹಿಂಡಿದೆ. ಒಂದು ದಿನ ಬದುಕಿದವು.

ಅಲ್ಲಿಂದ ನನ್ನ ಕಣ್ಣು ಊರಿನ ಮಾತಾಯಿತು. ತಾಯಿ ತನ್ನ ಮರಿ ತಿನ್ನುವಂತೆ ಮಾಡುವ ಕಣ್ಣು. ಎಳೆಗೂಸಿನವರು ನನ್ನನ್ನು ಕಂಡರೆ ಸೆರಗು ಮುಚ್ಚಿ ದಾಟುತ್ತಿದ್ದರು. ಕಟ್ಟೆಯ ಮೇಲೆ ಹಿರಿಯರು ಕೂತು ಗಡಿಗೆಪ್ಪನಿಗೆ ಇನ್ನೊಂದು ಮದುವೆ ಎಂದು ತೀರ್ಮಾನ ಮಾಡಿದ ದಿನ ನಾನು ವರ್ತಮಾನ ಪತ್ರಿಕೆ ಹಿಡಿದುಕೊಂಡು ಹೋದೆ. ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದು ಐವತ್ತೈದನೆಯ ಇಸವಿಯಿಂದ ಅಪರಾಧ ಎಂದು ಓದಿ ತೋರಿಸಿದೆ. ಅವರಲ್ಲಿ ಒಬ್ಬರು ಎಲೆ ಅಡಿಕೆ ಉಗುಳಿ ಬಂದು ನಿಧಾನವಾಗಿ ಹೇಳಿದರು: “ಕಾಯ್ದೆ ರಾಯಚೂರಾಗ ಇರ್ತದವ್ವಾ. ಇಲ್ಲಿ ನಾವಿರ್ತೀವಿ.” ಎಲ್ಲರೂ ನಕ್ಕರು. ಇವರೇ ಪ್ರತಿ ಸೋಮವಾರ ವಚನ ಹಾಡುವವರು, ದಯೆಯೇ ಧರ್ಮ ಎಂದು ಕಣ್ಣು ಮುಚ್ಚುವವರು. ಎಪ್ಪತ್ತೊಂಬತ್ತರ ಮಾಘದಲ್ಲಿ ಮದುವೆ ಆಯಿತು. ಸಿರವಾರದ ಸಂಬಂಧ ತಪ್ಪಿತು, ಹೊರಗಿನವಳಿಗಿಂತ ಒಡಹುಟ್ಟಿದವಳು ಬಂದರೆ ಇಬ್ಬರೂ ಹೊಂದಿಕೊಂಡಿರುತ್ತೀರಿ ಎಂದು ಅಪ್ಪ ನನಗೆ ಬುದ್ಧಿ ಹೇಳಿದರು. ನಿನ್ನ ತಲೆಯ ಮೇಲೆ ಅಕ್ಕಿಕಾಳು ಹಾಕಿದೆ, ಮೂರನೆಯ ದಿನ ಆ ಪುಸ್ತಕ ತೆಗೆದುಕೊಂಡು ಸಿರವಾರದಲ್ಲಿ ಬಸ್ಸು ಹತ್ತಿದೆ.

ಈಗ ಕಾರಣ ಕೇಳು. ನಾನು ಬಂದು ಉಡಿ ತುಂಬಿದೆ, ಕೂಸು ಉಳಿಯಿತು ಎಂದಿಟ್ಟುಕೊ. ನನ್ನ ಕೈಗೆ ಉಳಿಸುವ ಶಕ್ತಿಯಿದೆ ಎಂದಾಯಿತು. ಹಾಗಾದರೆ ನನ್ನ ಕಣ್ಣಿಗೆ ಕೊಲ್ಲುವ ಶಕ್ತಿಯೂ ಇತ್ತು. ಆ ಹದಿನಾಲ್ಕು ಮರಿ, ನಿನ್ನ ಎರಡು ಕೂಸು, ಎಲ್ಲ ನನ್ನ ಲೆಕ್ಕಕ್ಕೇ ಬಂದವು. ನಾನು ಬರಲಿಲ್ಲ, ಕೂಸು ಹೋಯಿತು ಎಂದಿಟ್ಟುಕೊ. ಬಂಜೆ ಹಟ ಮಾಡಿ ಕೊಂದಳು ಎನ್ನುತ್ತಾರೆ. ಎರಡು ಕಡೆಯಿಂದಲೂ ನಾನು ಕೊಂದವಳೇ. ಇಷ್ಟು ಚೆನ್ನಾಗಿ ಹೆಣೆದ ಬಲೆಗೆ ನನ್ನ ಕಾಲಿನಿಂದಲೇ ನಡೆದು ಬರುವುದಿಲ್ಲ.

ಶಾಪ ಹಾಕಿದ್ದೀಯಾ ಎಂದು ಕೇಳಿದ್ದೀಯ. ಇಲ್ಲ. ಶಾಪ ತಟ್ಟುವಂತಿದ್ದರೆ ಕಟ್ಟೆಯ ಮೇಲಿನವರು ಇಷ್ಟು ದಿನ ಎಲೆ ಅಡಿಕೆ ತಿನ್ನುತ್ತ ಕೂತಿರುತ್ತಿರಲಿಲ್ಲ. ನಿನ್ನ ಕಾಗದದಲ್ಲಿ ನೀನು ಗಮನಿಸದೆ ಬರೆದ ಒಂದು ಸಾಲಿದೆ, ನಾನು ಅದನ್ನೇ ಮತ್ತೆ ಮತ್ತೆ ಓದಿದೆ. ಎರಡೂ ಬಾಣಂತನದಲ್ಲಿ ಸೂಲಗಿತ್ತಿ ಹುಲಗೆಮ್ಮ ನಿನಗೆ ನೀರು ಕೊಡಲಿಲ್ಲ, ತುಟಿಗೆ ಒದ್ದೆ ಅರಿವೆ ಒತ್ತುತ್ತಿದ್ದಳು, ಮೂರನೆಯ ದಿನಕ್ಕೆ ಎದೆಯ ಹಾಲು ನಿಂತಿತು, ಕೂಸಿಗೆ ಸಕ್ಕರೆ ನೀರು ನೆಕ್ಕಿಸಿದರು ಎಂದಿದ್ದೀಯ. ನಾನು ಡಾಕ್ಟರಲ್ಲ, ಇದರಿಂದಲೇ ಹೋದವು ಎಂದು ಹೇಳಲಾರೆ. ಆದರೆ ನಾಚಿಕೆ ಬಿಟ್ಟು ಇಲ್ಲಿಯ ನರ್ಸಮ್ಮನನ್ನು ಕೇಳಿದೆ. ಬಾಣಂತಿ ಹೊಟ್ಟೆ ತುಂಬ ನೀರು ಕುಡಿಯಬೇಕು, ಕುಡಿಯದಿದ್ದರೆ ಹಾಲು ಎಲ್ಲಿಂದ ಬರಬೇಕು ಎಂದು ನನ್ನನ್ನೇ ಬೈದಳು. ಮನೆಯಲ್ಲಿ ಹೆರಬೇಡ. ಎಂಟು ತುಂಬಿದ ಕೂಡಲೇ ರಾಯಚೂರಿನ ದವಾಖಾನೆಗೆ ಹೋಗು. ಗಡಿಗೆಪ್ಪ ಬೇಡವೆಂದರೆ ವಹೀದನಿಗೆ ಹೇಳಿ ಕಳಿಸು, ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಆ ಮನೆಗೆ ಮಾತ್ರ ಬರುವುದಿಲ್ಲ.

ಈ ಕಾಗದವನ್ನು ವಹೀದನ ಕೈಯಲ್ಲಿಯೇ ಕಳಿಸುತ್ತಿದ್ದೇನೆ. ಜೊತೆಗೆ ಹಸಿರು ಸೀರೆ, ಖಣ, ಐದು ತರದ ಹಣ್ಣು. ಅತ್ತೆಯೇ ಉಡಿ ತುಂಬಲಿ. ಒಂದು ಹೂಜಿಯೂ ಇದೆ, ಹೊಸದು, ಮೂರು ದಿನ ನೆನೆಸಿ ಮಣ್ಣಿನ ವಾಸನೆ ತೆಗೆದಿದ್ದೇನೆ. ಅದನ್ನು ನಿನ್ನ ಮಂಚದ ತಲೆಗಡೆ ಇಟ್ಟುಕೊ. ಹದಿನಾಲ್ಕನೆಯ ಪುಟವನ್ನು ಕತ್ತರಿಸಿ ಇದರೊಳಗೆ ಮಡಿಸಿಟ್ಟಿದ್ದೇನೆ. ಮೊಲದ ಪುಸ್ತಕದ್ದು ಎಂದು ನಗಬೇಡ.

ನಿನಗೆ ಒಳ್ಳೆಯದಾಗಲಿ. ಸುಖವಾಗಿ ಹೆರು. ಹೊಟ್ಟೆಯಲ್ಲಿರುವುದು ಹೆಣ್ಣಾಗಲಿ ಗಂಡಾಗಲಿ ನೂರು ವರ್ಷ ಬಾಳಲಿ, ನಮ್ಮಿಬ್ಬರ ಹಾಗಲ್ಲದೆ ಬಾಳಲಿ.

ನಿನ್ನ ಅಕ್ಕ,
ಬಸವಂತಮ್ಮ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಮೂರು ಸಲ ಹರಿದದ್ದು ಇದಕ್ಕಾಗಿ.

ನಾನು ಮರೆತಿರಲಿಲ್ಲ. ಆ ದಿನ ಬೆಳಿಗ್ಗೆ ಬಟ್ಟಲು ತುಂಬಿದ್ದೆ, ಊಟಕ್ಕೆ ಮೊದಲು ಮತ್ತೆ ತುಂಬಿದ್ದೆ. ಮಧ್ಯಾಹ್ನ ತಲೆನೋವೆಂದು ಪಡಸಾಲೆಯಲ್ಲಿ ಅಡ್ಡಾದೆ. ಕಿಟಕಿಯಿಂದ ನೀನು ಕಂಡೆ. ನೀನು ಗೂಡಿನ ಬಾಗಿಲು ತೆಗೆದು, ಬಟ್ಟಲು ಎತ್ತಿ, ನೀರನ್ನು ಬದನೆ ಗಿಡದ ಬುಡಕ್ಕೆ ಸುರಿದೆ. ಬಿಸಿಯಾದ ನೀರು ಚೆಲ್ಲಿ ತಣ್ಣೀರು ಹಾಕುತ್ತಾಳೆ, ನನ್ನ ತಂಗಿ ಜಾಣೆ ಎಂದುಕೊಂಡು ಕಣ್ಣು ಮುಚ್ಚಿದೆ. ಸಂಜೆ ಅತ್ತೆ ಕೇಳಿದಾಗ ನಾನು ನಿನ್ನ ಮುಖ ನೋಡಿದೆ. ನಾನು ಬಾಯಿ ತೆಗೆಯುವ ಮೊದಲೇ ನೀನು ನೆಲ ನೋಡುತ್ತ, “ಅಕ್ಕ ಮರ್ತಿರಬೇಕು” ಎಂದೆ. ನಿನ್ನ ಹೆಸರು ಹೇಳಿದರೆ ಊರಿಗೆಲ್ಲ ಹಬ್ಬಿ ಸಿರವಾರದ ಸಂಬಂಧವೂ ಮುರಿದೀತೆಂದು ನಾನು ಹೌದು ಎಂದೆ.

ಎಂಬತ್ತೆರಡರಲ್ಲಿ ಅಪ್ಪ ಹಾಸಿಗೆ ಹಿಡಿದಾಗ ನಾನು ರಾಯಚೂರಿಗೆ ಹೋಗಿದ್ದೆ. ಸಿರವಾರದಲ್ಲಿ ಯಾವ ಗಂಡೂ ಇರಲಿಲ್ಲ ಎಂದು ಅಪ್ಪ ಆಗ ಹೇಳಿದರು. ಗಡಿಗೆಪ್ಪನ ಜೊತೆ ನೀನು ಮಲ್ಲಟಕ್ಕೆ ಬರುವ ಮೊದಲೇ ಮಾತಾಗಿತ್ತು, ನನ್ನನ್ನು ದೂರ ಮಾಡಲು ಒಂದು ನೆಪ ಬೇಕಾಗಿತ್ತು. “ಚನ್ನಿಗೂ ಗೊತ್ತಿತ್ತವ್ವಾ” ಎಂದರು. ಹದಿನಾಲ್ಕನೆಯ ಪುಟವನ್ನು ನಿನಗೆ ಓದಿಸಿದವಳು ನಾನು.

ಸೋಮವಾರ ಮುತ್ತೈದೆಯರು ಕೂತಿರುತ್ತಾರೆ, ಅತ್ತೆ ಇರುತ್ತಾರೆ, ಗಡಿಗೆಪ್ಪ ಬಾಗಿಲಲ್ಲಿ ನಿಂತಿರುತ್ತಾನೆ. ಅವರ ಮುಂದೆ ಹೇಳು, ಅಕ್ಕ ಮರ್ತಿರಲಿಲ್ಲ ಎಂದು. ಹೇಳಿದರೆ ಅವರು ನನಗೆ ಮಾಡಿದ್ದನ್ನೇ ನಿನಗೆ ಮಾಡುತ್ತಾರೆ. ಏಳು ತಿಂಗಳ ಬಸುರಿಗೆ ಇದನ್ನು ಗೊತ್ತಿದ್ದೇ ಕೇಳುತ್ತಿದ್ದೇನೆ. ಹೇಳದೆ ಹೋದರೂ ಹೂಜಿಯನ್ನು ಯಾರ ಕೈಗೂ ಕೊಡಬೇಡ. ನೀನೇ ತುಂಬಿಕೊ, ನೀನೇ ಕಾಯ್ದುಕೊ. ನೀರು ಕುಡಿ.